ಬಂಡಿದಾರಿಯ ನೆಲನೆಲ್ಲಿ

"ಬುದ್ಧಿ, ಚಿಕ್ಕಂದಿನಿಂದ ಕಂಡವರ ಬಾಗಿಲಲ್ಲಿ ಬೆಳೆದೆ. ಬೈಗುಳ ತಿಂದೆ, ಏಟು ತಿಂದೆ. ನಾನು ಪಟ್ಟ ಪಾಡೆಲ್ಲ ಯಾರ ಉಪಯೋಗಕ್ಕೆ?" ಎಂದು ಶಿಷ್ಯ ಮುದ್ದಯ್ಯ ಕೇಳಿದ.

ಗುರುಗಳು ನಕ್ಕರು. "ಕೇಳುವಾಗಲೂ ಮುಖ ಕಹಿ ಮಾಡಿಕೊಂಡಿದ್ದೀಯಲ್ಲ! ಇರಲಿ, ಕಹಿಯ ಕತೆಯನ್ನೇ ಕೇಳು" ಎಂದು ಹೇಳತೊಡಗಿದರು.

ಒಬ್ಬ ನಾಟಿವೈದ್ಯನಿದ್ದ. ಕಾಮಾಲೆಗೆ ಮದ್ದು ಕೊಡುತ್ತಿದ್ದ. ಬಂಡಿಗಳು ಓಡಾಡುವ ದಾರಿಯ ಅಂಚಿನಲ್ಲಿ ನೆಲನೆಲ್ಲಿ ಗಿಡವನ್ನು ಹುಡುಕಿ ತಂದು, ಬೇರು ಸಮೇತ ಅರೆದು, ಮಜ್ಜಿಗೆಯಲ್ಲಿ ಕಲಸಿ ಕೊಡುವನು. ರೋಗಿಯ ಪಾಲಿನ ಮದ್ದನ್ನು ಕೊಡುವವನು ನಾಲಿಗೆಗೆ ಮುಟ್ಟಿಸಬಾರದೆಂಬುದು ಅವರ ಮನೆತನದ ಕಟ್ಟುಪಾಡು. ಹಾಗಾಗಿ ಅದರ ರುಚಿ ಅವನಿಗೆ ತಿಳಿದೇ ಇರಲಿಲ್ಲ.

ಹುಡುಕಾಟ ಸಾಕಾಗಿ, ಹಿತ್ತಲಲ್ಲೇ ಪಾತಿ ಮಾಡಿ ಗಿಡ ಬೆಳೆಸಿದ. ನೆರಳು ಕಟ್ಟಿದ, ಹೊತ್ತುಹೊತ್ತಿಗೆ ನೀರು ಹಾಕಿದ, ಹುಳು ಕಂಡರೆ ಕೈಯಿಂದ ಆರಿಸಿ ಬಿಸಾಡಿದ. ಅಂಥ ಮುದ್ದು ಹೆತ್ತ ಮಕ್ಕಳಿಗೂ ಸಿಗುವುದಿಲ್ಲ. ಗಿಡಗಳು ಮೊಣಕಾಲೆತ್ತರ ಬೆಳೆದು ನಿಂತವು.

ಆ ವರ್ಷ ಅವನ ಹೆಂಡತಿಗೇ ಕಾಮಾಲೆ ಬಂತು. ಕಣ್ಣು ಅರಿಸಿನವಾಯಿತು. ಅನ್ನ ಕಂಡರೆ ವಾಕರಿಕೆ. ವೈದ್ಯ ಪಾತಿಯ ಗಿಡವನ್ನು ಅರೆದು ದಿನವೂ ಕೊಟ್ಟ. ಅವಳು ಇಳಿಯುತ್ತಲೇ ಹೋದಳು. ಒಂದು ಬೆಳಿಗ್ಗೆ ಎದ್ದು ಕೂರುವುದಕ್ಕೂ ಆಗಲಿಲ್ಲ. ಆದರೂ ಗಂಡನಿಗೆ ಸಮಾಧಾನವಾಗಲೆಂದು ಬಟ್ಟಲು ಖಾಲಿ ಮಾಡಿ ಅಂದಳು: "ನಿಮ್ಮ ಮದ್ದು ಭಾರಿ ಕಹಿ ಅಂತ ಊರೆಲ್ಲ ಹೇಳ್ತಾರೆ. ನಂಗೇನೂ ಅನ್ನಿಸಲೇ ಇಲ್ಲ ಕಣ್ರೀ. ಬರೀ ಮಜ್ಜಿಗೆ ಕುಡಿದ ಹಾಗಿದೆ."

ವೈದ್ಯ ದಡಕ್ಕನೆ ಎದ್ದು ಹಿತ್ತಲಿಗೆ ಹೋದ. ಕಟ್ಟುಪಾಡನ್ನು ಬದಿಗಿಟ್ಟು ಪಾತಿಯ ಎಲೆಯನ್ನು ಬಾಯಿಗೆ ಹಾಕಿಕೊಂಡ. ಸಪ್ಪೆ. ಬಂಡಿದಾರಿಗೆ ಓಡಿದ. ಅಲ್ಲೊಂದು ಗಿಡವಿತ್ತು, ಗೇಣುದ್ದವೂ ಇಲ್ಲ. ಗಾಲಿ ಹರಿದು ಬಾಗಿತ್ತು, ಹುಳು ಎಲೆಯನ್ನು ತೂತು ಮಾಡಿತ್ತು, ಬಿಸಿಲಿಗೆ ಕಾಂಡ ಕೆಂಪಾಗಿತ್ತು. ಒಂದೆಲೆ ಅಗಿದ. ಕಹಿ ನೆತ್ತಿಗೇರಿತು.

ಅವನು ಧೂಳಿನಲ್ಲೇ ಕುಳಿತುಬಿಟ್ಟ. ಹುಳುವಿನಿಂದ, ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಈ ಪುಟ್ಟ ಜೀವ ಕಹಿಯನ್ನು ಕೂಡಿಟ್ಟುಕೊಂಡಿದೆ. ಅದೇ ಕಹಿ ಮನುಷ್ಯನ ಒಡಲಿಗೆ ಹೋಗಿ, ನಾವು ನುಂಗಿದ ನಂಜನ್ನೆಲ್ಲ ಬಾಯಿಮುಚ್ಚಿಕೊಂಡು ಸೋಸುವ ಯಕೃತ್ತಿಗೆ ಕಾವಲು ನಿಲ್ಲುತ್ತದೆ. ಯಾರು ಹೇಳಿಕೊಟ್ಟರು ಇದಕ್ಕೆ ಆ ದಾರಿಯನ್ನು? ವರ್ಷಗಟ್ಟಲೆ ಕಿತ್ತ ಗಿಡಕ್ಕೆ ಅಂದು ಮೊದಲ ಬಾರಿ ಕೈಮುಗಿದ. ಆಮೇಲೆ ಕಿತ್ತ.

ಆ ಮದ್ದು ನಾಲಿಗೆಗೆ ತಾಗಿದ್ದೇ ಹೆಂಡತಿ ಮುಖ ಕಿವುಚಿ, ಗಂಡನನ್ನು ಬಾಯಿತುಂಬ ಬೈದಳು. ವೈದ್ಯ ಅಳುತ್ತಲೇ ನಕ್ಕ. ದಿನ ಕಳೆದಂತೆ ಅವಳ ಕಣ್ಣು ತಿಳಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು.

"ಆ ಗಿಡ ಪುಣ್ಯ ಮಾಡಿತ್ತು, ಬುದ್ಧಿ. ಅದರ ಪಾಡಿಗೆ ಒಂದು ಉಪಯೋಗವಾದರೂ ಇತ್ತು" ಎಂದ ಮುದ್ದಯ್ಯ.

"ಗಾಲಿಯ ಕೆಳಗಿದ್ದಾಗ ತಾನು ಯಾರ ಮದ್ದೆಂದು ಅದಕ್ಕೂ ಗೊತ್ತಿರಲಿಲ್ಲ ಕಣಪ್ಪ."