ಸೂಲಗಿತ್ತಿಯ ಮೊಣಕಾಲು

"ಗುರುಗಳೇ, ಸವೆದ ಮೊಣಕಾಲನ್ನು ಸರಿಮಾಡದ ಎಣ್ಣೆಯನ್ನು ಜನರಿಗೆ ಯಾಕೆ ಕೊಡಬೇಕು?" ಎಂದು ಶಿಷ್ಯ ಮರುಳಯ್ಯ ಕೇಳಿದ.

ಪ್ರತಿ ಅಮಾವಾಸ್ಯೆಯಂದು ಮಠದ ಅಂಗಳದಲ್ಲಿ ಮಂಡಿನೋವಿನವರಿಗೆ ಎಣ್ಣೆ ಕೊಡುವ ಕೆಲಸ ಅವನದು. ಮೂರು ವರ್ಷದಿಂದ ಅವೇ ಮುಖಗಳನ್ನು ನೋಡುತ್ತಿದ್ದ. ಕೋಲೂರಿ ಬಂದವರು ಮುಂದಿನ ತಿಂಗಳೂ ಕೋಲೂರಿಯೇ ಬರುತ್ತಿದ್ದರು. ಅವರು ಕೈಮುಗಿದಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ದ್ಯಾಮವ್ವ ಎಂಬ ಸೂಲಗಿತ್ತಿ ಇದ್ದಳು. ಸುತ್ತಲಿನ ಮೂರು ಊರುಗಳ ಹೆರಿಗೆಗೆ ಅವಳನ್ನೇ ಕರೆಯುತ್ತಿದ್ದರು. ನಲವತ್ತು ವರ್ಷ ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೂಸುಗಳನ್ನು ಕೈಗೆ ತೆಗೆದುಕೊಂಡಿದ್ದಳು. ಆಮೇಲೆ ತಿಂಗಳುಗಟ್ಟಲೆ ಅದೇ ನೆಲದ ಮೇಲೆ ಕೂತು ಕೂಸಿಗೂ ಬಾಣಂತಿಗೂ ಎಣ್ಣೆ ಹಚ್ಚಿ ನೀರು ಹಾಕಿದ್ದಳು. ಅರವತ್ತು ತುಂಬುವ ಹೊತ್ತಿಗೆ ಅವಳ ಎರಡೂ ಮಂಡಿಗಳು ಸವೆದವು. ಎದ್ದು ನಿಂತರೆ ಒಳಗೆ ಕಟಕಟ ಸದ್ದು. ಹೊಸ್ತಿಲು ದಾಟಲು ಬಾಗಿಲ ಚೌಕಟ್ಟನ್ನು ಹಿಡಿಯಬೇಕಾಯಿತು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ತನ್ನನ್ನು ಕರೆಯುವುದನ್ನು ನಿಲ್ಲಿಸುತ್ತಾರೆಂದು ಹೆದರಿದಳು. ಹಿತ್ತಲಿನಲ್ಲಿ ಒಬ್ಬಳೇ ಕೂತು ಲಕ್ಕಿ ಸೊಪ್ಪು ಕುದಿಸಿ ಶಾಖ ಕೊಟ್ಟುಕೊಂಡಳು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ಮಂಡಿಗೆ ಕಟ್ಟಿಕೊಂಡಳು. ಸೀರೆಯ ಕೆಳಗೆ ಅದು ಕಾಣುತ್ತಿರಲಿಲ್ಲ.

ಒಂದು ದಿನ ಹೆರಿಗೆಯ ನಡುವೆ ಮಂಡಿ ಹಿಡಿದುಕೊಂಡಿತು. ಕಣ್ಣು ಕತ್ತಲೆ ಬಂದು ಅವಳ ಕೈ ಸಡಿಲವಾಯಿತು. ಪಕ್ಕದಲ್ಲಿದ್ದ ಬಾಣಂತಿಯ ತಾಯಿ ಕೂಸನ್ನು ಹಿಡಿದುಕೊಂಡಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ದ್ಯಾಮವ್ವ ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ನೆರೆಯೂರಿನ ನಾಟಿ ವೈದ್ಯನ ಹತ್ತಿರ ಹೋದಳು.

ವೈದ್ಯ ಅವಳ ಮಂಡಿಯ ಮೇಲೆ ಅಂಗೈಯಿಟ್ಟು, ಕಾಲನ್ನು ಮೆಲ್ಲಗೆ ಮಡಿಸಿ ಬಿಡಿಸಿ ನೋಡಿದ.

"ದ್ಯಾಮವ್ವ, ಸವೆದದ್ದನ್ನು ಮತ್ತೆ ಬೆಳೆಸುವ ಮದ್ದು ನನ್ನಲ್ಲಿಲ್ಲ," ಎಂದ. "ಲಕ್ಕಿ ಸೊಪ್ಪಿನ ರಸ, ಒಣಶುಂಠಿ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ ಇದೆ. ಹಚ್ಚಿದರೆ ನೋವು ಸ್ವಲ್ಪ ತಗ್ಗಬಹುದು. ಬಿಗಿ ಸಡಿಲವಾಗಬಹುದು. ಇಷ್ಟೇ ನಾನು ಹೇಳಬಲ್ಲೆ."

"ಇಷ್ಟಕ್ಕೆ ನಾನು ಇಷ್ಟು ದೂರ ನಡೆದು ಬಂದೆನೇ?"

"ಇನ್ನೊಂದು ಮಾತಿದೆ. ನೀನೇ ಹಚ್ಚಿಕೊಳ್ಳಬೇಡ. ಕಾಲು ಚಾಚಿ ಸಡಿಲ ಬಿಟ್ಟಿರಬೇಕು. ಬಗ್ಗಿದರೆ ಕಾಲು ಬಿಗಿಯುತ್ತದೆ, ಮಂಡಿಯ ಹಿಂಬದಿಗೆ ಕೈಯೂ ಹೋಗುವುದಿಲ್ಲ. ಮನೆಯಲ್ಲಿ ಯಾರಿದ್ದಾರೆ?"

ದ್ಯಾಮವ್ವನ ಮನೆಯಲ್ಲಿ ಮಗನನ್ನು ಬಿಟ್ಟರೆ ಇದ್ದವಳು ಸೊಸೆ ತುಂಗವ್ವ. ಮದುವೆಯಾಗಿ ಏಳು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಮಕ್ಕಳಿಲ್ಲದವಳು ಹೆರಿಗೆಯ ಕೋಣೆಗೆ ಕಾಲಿಡಬಾರದೆಂದು ಆ ಕಡೆಯ ಜನ ನಂಬಿದ್ದರು. ದ್ಯಾಮವ್ವನೂ ನಂಬಿದ್ದಳು. ಹೆರಿಗೆಗೆ ಒಯ್ಯುವ ಬುಟ್ಟಿಯನ್ನು ಸೊಸೆಯ ಕೈಗೆ ಒಂದು ದಿನವೂ ಕೊಟ್ಟಿರಲಿಲ್ಲ. ತುಂಗವ್ವನೂ ಕೇಳಿರಲಿಲ್ಲ. ಅತ್ತೆ ಬುಟ್ಟಿ ಎತ್ತಿಕೊಂಡರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು.

ವೈದ್ಯ ಕೊಟ್ಟ ಎಣ್ಣೆ ಎಂಟು ದಿನ ಗೋಡೆಯ ಗೂಡಿನಲ್ಲೇ ಇತ್ತು. ಒಂಬತ್ತನೆಯ ದಿನ ಮಧ್ಯಾಹ್ನ ತುಂಗವ್ವ ತಾನಾಗಿಯೇ ಅದನ್ನು ಬಿಸಿ ಮಾಡಿ ತಂದಳು. ಏನೂ ಕೇಳದೆ ಅತ್ತೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹಚ್ಚತೊಡಗಿದಳು.

ದ್ಯಾಮವ್ವ ಬೇಡವೆನ್ನಬೇಕೆಂದುಕೊಂಡಳು. ಆದರೂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಷ್ಟೋ ಹೆಂಗಸರ ಮೈಗೆ ಅವಳು ಎಣ್ಣೆ ಹಚ್ಚಿದ್ದಳು. ಅವಳ ಕಾಲಿಗೆ ಮಾತ್ರ, ಅವಳದೇ ಬಾಣಂತನದಲ್ಲಿ ತಾಯಿ ಹಚ್ಚಿದ ಮೇಲೆ, ಯಾರೂ ಎಣ್ಣೆ ಹಚ್ಚಿರಲಿಲ್ಲ. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ದಿನವೂ ಮಧ್ಯಾಹ್ನ ಹೀಗೇ ನಡೆಯಿತು. ನೋವು ಹೋಗಲಿಲ್ಲ. ಆದರೆ ಎಣ್ಣೆ ಹಚ್ಚಿದ ಮೇಲೆ ಅವಳು ಬಚ್ಚಲಿನವರೆಗೆ ಗೋಡೆ ಹಿಡಿಯದೆ ನಡೆಯುತ್ತಿದ್ದಳು. ನಿದ್ದೆ ಹತ್ತುತ್ತಿತ್ತು. ಒಂದು ದಿನ ಅವಳು ಸೊಸೆಯ ಕೈ ತಡೆದಳು.

"ಹೆಬ್ಬೆರಳಿನಿಂದ ಒತ್ತಬೇಡ. ಅಂಗೈ ಇಡು. ಒಳಗೆ ಏನಿದೆಯೆಂದು ಅಂಗೈಗೆ ಗೊತ್ತಾಗುತ್ತದೆ."

ತುಂಗವ್ವ ಅಂಗೈಯಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ, ತಲೆಯೆತ್ತದೆ, "ಹೊಟ್ಟೆಯೊಳಗಿನ ಮಗುವೂ ಹೀಗೇ ಗೊತ್ತಾಗುತ್ತದೆಯೇ ಅತ್ತೆ?" ಎಂದಳು.

ಏಳು ವರ್ಷದಲ್ಲಿ ಅತ್ತೆಯ ಕೆಲಸದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಆ ರಾತ್ರಿಯೆಲ್ಲ ಅದು ದ್ಯಾಮವ್ವನ ಮನಸ್ಸಿನಲ್ಲೇ ಇತ್ತು. ಇವಳಿಗೆ ಎಷ್ಟು ದಿನದಿಂದ ಕೇಳಬೇಕೆನಿಸಿತ್ತೋ ಎಂದುಕೊಂಡಳು. ಮರುದಿನ ತುಂಗವ್ವ ಎಣ್ಣೆ ತಂದಾಗ, ದ್ಯಾಮವ್ವ ಅವಳ ಅಂಗೈ ಹಿಡಿದು ತನ್ನ ಮಂಡಿಚಿಪ್ಪಿನ ಮೇಲಿಟ್ಟಳು.

"ಮಗುವಿನ ತಲೆ ಹೀಗಿರುತ್ತದೆ, ಗಟ್ಟಿಯಾಗಿ, ಗುಂಡಗೆ. ಕುಂಡಿ ಇಷ್ಟು ಗಟ್ಟಿಯಿರುವುದಿಲ್ಲ. ಮೊದಲು ಇದನ್ನು ತಿಳಿದುಕೊ."

ಅಂದಿನಿಂದ ಎಣ್ಣೆ ಹಚ್ಚುವಷ್ಟು ಹೊತ್ತೂ ಮಾತು ನಡೆಯಿತು. ಬೇನೆ ಯಾವುದು, ಬರೀ ಹೊಟ್ಟೆನೋವು ಯಾವುದು. ಯಾವಾಗ ಮುಟ್ಟಬೇಕು, ಯಾವಾಗ ಕೈಕಟ್ಟಿ ಕಾಯಬೇಕು. ಕೂಸು ಕಾಲು ಮುಂದಾಗಿ ಬಂದರೆ ಎಳೆಯಬಾರದು. ತನ್ನ ಕೈಯಲ್ಲಿ ಉಳಿಯದೆ ಹೋದ ಮೂರು ಕೂಸುಗಳ ವಿಷಯವನ್ನೂ ದ್ಯಾಮವ್ವ ಹೇಳಿದಳು. ಅದನ್ನು ಅವಳು ಮಗನಿಗೂ ಹೇಳಿರಲಿಲ್ಲ. ಕರೆ ಬಂದಾಗ ದ್ಯಾಮವ್ವ ಕೋಲೂರಿಕೊಂಡೇ ಹೋಗಿಬರುತ್ತಿದ್ದಳು. ಎರಡು ವರ್ಷ ಹೀಗೆ ಕಳೆಯಿತು.

ಒಂದು ಬೆಳಿಗ್ಗೆ ನೆರೆಯೂರಿನ ಕುಂಬಾರನೊಬ್ಬ ಗಾಡಿ ಕಟ್ಟಿಕೊಂಡು ಬಂದ. ಅವನ ಹೆಂಡತಿಗೆ ಬೇನೆ ಶುರುವಾಗಿತ್ತು. ದ್ಯಾಮವ್ವನ ಮಂಡಿ ಅಂದು ಬಿಂದಿಗೆಯ ಹಾಗೆ ಊದಿತ್ತು. ಅವಳು ಎರಡು ಸಲ ಏಳಲು ನೋಡಿ, ಎರಡು ಸಲವೂ ಕುಸಿದು ಕೂತಳು.

"ನಾನು ಎತ್ತಿಕೊಂಡು ಹೋಗುತ್ತೇನೆ ಅವ್ವ," ಎಂದ ಕುಂಬಾರ.

ಹೋಗಬಹುದು ಎಂದು ದ್ಯಾಮವ್ವನಿಗೂ ಅನ್ನಿಸಿತು. ಆದರೆ ಅಲ್ಲಿ ಕುಕ್ಕರಿಸಿ ಕೂರುವುದು ಹೇಗೆ? ನಡುವೆ ಕೈ ಸಡಿಲವಾದರೆ ಹಿಡಿಯುವವರು ಯಾರು? ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ತುಂಗವ್ವನನ್ನು ಕರೆದು, ಅವಳ ಕೈಗೆ ಕೊಟ್ಟಳು.

ಕುಂಬಾರ ಹಿಂದೆ ಸರಿದ. "ಅವ್ವ, ಇವಳಿಗೆ ಮಕ್ಕಳಿಲ್ಲ. ನಮ್ಮ ಮನೆಯವರು ಒಳಗೆ ಬಿಡುವುದಿಲ್ಲ."

"ನಾನೂ ಹೀಗೇ ಅಂದವಳು, ತಮ್ಮ. ನನ್ನ ತಪ್ಪು," ಎಂದಳು ದ್ಯಾಮವ್ವ. "ನನಗೆ ಗೊತ್ತಿರುವುದೆಲ್ಲ ಈಗ ಇವಳ ಕೈಯಲ್ಲಿದೆ. ನನ್ನ ಹತ್ತಿರ ಉಳಿದಿರುವುದು ಈ ಮಂಡಿ ಮಾತ್ರ. ಯಾವುದು ಬೇಕೋ ತೆಗೆದುಕೊಂಡು ಹೋಗು."

ಕುಂಬಾರ ಬುಟ್ಟಿಯನ್ನು ಗಾಡಿಯಲ್ಲಿಟ್ಟು, ತುಂಗವ್ವನನ್ನು ಹತ್ತಿಸಿಕೊಂಡ.

ದ್ಯಾಮವ್ವ ಇಡೀ ದಿನ ಜಗಲಿಯ ಮೇಲೆ ಕೂತಿದ್ದಳು. ಅಷ್ಟು ವರ್ಷದಲ್ಲಿ ಹೊರಗೆ ಕೂತು ಕಾಯುವುದು ಏನೆಂದು ಅವಳಿಗೆ ತಿಳಿದಿರಲಿಲ್ಲ. ಹೊತ್ತು ಇಳಿಯುವಾಗ ಗಾಡಿ ಬಂತು. ತುಂಗವ್ವ ಇಳಿದು ಬಂದು ಅವಳ ಮುಂದೆ ನಿಂತಳು.

"ಹೆಣ್ಣು. ಕಾಲು ಮುಂದಾಗಿ ಬಂತು ಅತ್ತೆ. ನಾನು ಎಳೆಯಲಿಲ್ಲ, ಕಾದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ."

ಅಷ್ಟು ಹೇಳಿ, ಕೈಕಾಲು ತೊಳೆದು, ದಿನದಂತೆ ಎಣ್ಣೆ ಬಿಸಿ ಮಾಡಿ ತಂದಳು. ದ್ಯಾಮವ್ವ ಬಟ್ಟಲನ್ನು ಅವಳಿಂದ ತೆಗೆದುಕೊಂಡಳು.

"ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತಿದ್ದೀಯ. ಕಾಲು ಚಾಚು ಮಗಳೇ."

ತುಂಗವ್ವ ಕಾಲು ಚಾಚಿದಳು. ಆ ಮನೆಗೆ ಬಂದ ಮೇಲೆ ಅತ್ತೆಯ ಎದುರು ಅವಳು ಅತ್ತದ್ದು ಅಂದೇ.

ದ್ಯಾಮವ್ವ ಇನ್ನೂ ಒಂಬತ್ತು ವರ್ಷ ಬದುಕಿದಳು. ಅಂಗಳ ದಾಟಲಿಲ್ಲ. ಎಣ್ಣೆ ಹಚ್ಚಿಸಿಕೊಳ್ಳುವುದು ಒಂದು ದಿನವೂ ತಪ್ಪಲಿಲ್ಲ. ತುಂಗವ್ವನಿಗೆ ಮಕ್ಕಳಾಗಲಿಲ್ಲ. ಮೂರು ಊರುಗಳ ಮಕ್ಕಳು ಅವಳ ಕೈಮೇಲೆ ಹುಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಯೋಚಿಸಿ ಹೇಳಿದ: "ಹಾಗಾದರೆ ಅವಳ ಮೊಣಕಾಲು ಕೊನೆಗೂ ವಾಸಿಯಾಗಲಿಲ್ಲ."

"ಆಗಲಿಲ್ಲ," ಎಂದರು ಗುರುಗಳು. ಆಮೇಲೆ ಮೆಲ್ಲಗೆ ಕೇಳಿದರು: "ಮರುಳಯ್ಯ, ನೀನು ಎಣ್ಣೆ ಕೊಟ್ಟವರಲ್ಲಿ, ಮನೆಯಲ್ಲಿ ಹಚ್ಚುವವರು ಯಾರೂ ಇಲ್ಲದವರು ಎಷ್ಟು ಜನ?"