ಮುಚ್ಚಿದ ಬಾಗಿಲು ಮುಟ್ಟದ ಜ್ಞಾನಮಿತ್ರ

ಒಂದು ಮಿಷನ್ ಕಾಂಪೌಂಡು. ಅದರಲ್ಲಿ ಒಂದು ಚರ್ಚು, ಚರ್ಚಿನ ಹಿಂದೆ ಎರಡು ಕೋಣೆಯ ಒಂದು ಮನೆ, ಆ ಮನೆಯಲ್ಲಿ ಎಸ್ತೇರವ್ವ ಮತ್ತು ಅವಳ ಮಗ. ಮಗನಿಗೆ ದೀಕ್ಷಾಸ್ನಾನದ ದಿನ ಇಟ್ಟ ಹೆಸರು ಜ್ಞಾನಮಿತ್ರ. ಹೆಸರಿಟ್ಟವರನ್ನು ಬೈದು ಈಗೇನು ಪ್ರಯೋಜನ? ಇಪ್ಪತ್ತಾರು ವರ್ಷವಾದರೂ ಜ್ಞಾನಕ್ಕೂ ಅವನಿಗೂ ಪರಿಚಯವೇ ಆಗಿರಲಿಲ್ಲ.

ಅಪ್ಪ ಚರ್ಚಿನ ಗಂಟೆ ಬಾರಿಸುತ್ತಿದ್ದ, ಕಸ ಗುಡಿಸುತ್ತಿದ್ದ, ತೀರಿಕೊಂಡ. ಗಂಟೆ ಬಾರಿಸುವವರಿಗೇ ಆ ಮನೆ, ಅದು ಕಾಂಪೌಂಡಿನ ಪದ್ಧತಿ. ಸಭೆಯ ಹಿರಿಯ ಬಾರ್ನಬಪ್ಪನಿಗೆ ಆ ಮನೆಯನ್ನು ತನ್ನ ಅಳಿಯನಿಗೆ ಕೊಡಿಸಬೇಕೆಂದು ದೇವರಿಂದಲೇ ಪ್ರೇರಣೆ ಆಗಿತ್ತಂತೆ. ಬಾರ್ನಬಪ್ಪನಿಗೆ ಯಾವಾಗಲೂ ಹಾಗೇ. ತನಗೆ ಏನು ಬೇಕೋ ಅದನ್ನೇ ದೇವರು ತೋರಿಸುತ್ತಿದ್ದ. ಪಾದ್ರಿಗಳು, ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು, ಮೆತ್ತಗಿನ ಮನುಷ್ಯ. ಸುಗ್ಗಿ ಹಬ್ಬದವರೆಗೆ ಜ್ಞಾನಮಿತ್ರನೇ ಗಂಟೆ ಬಾರಿಸಲಿ, ಹಬ್ಬಕ್ಕೆ ಬಿಷಪ್ಪರು ಬಂದಾಗ ತೀರ್ಮಾನ ಮಾಡೋಣ ಎಂದರು.

ಎಸ್ತೇರವ್ವನಿಗೆ ಮನೆ ಕೈಬಿಟ್ಟು ಹೋಗುವ ಭಯ ಹಿಡಿಯಿತು. ಮಗನನ್ನು ಎದುರಿಗೆ ಕೂರಿಸಿಕೊಂಡಳು. “ತಮ್ಮಾ, ಸ್ವಂತ ಬುದ್ಧಿ ಓಡಿಸಬ್ಯಾಡ. ಏನ ಮಾಡೋದಿದ್ರೂ ಮೊದಲ ದೇವರನ್ನ ಕೇಳು.”

“ಆತು ಯವ್ವಾ.”

ಭಾನುವಾರ ಬಂತು. ಹಗ್ಗ ಹಿಡಿದ, ಮೊಣಕಾಲೂರಿದ, ಕಣ್ಣು ಮುಚ್ಚಿದ. ದೇವರೇ, ಗಂಟೆ ಬಾರಿಸಲೋ ಎಂದು ಕೇಳಿದ. ಉತ್ತರ ಬರಲಿಲ್ಲ. ಮತ್ತೆ ಕೇಳಿದ. ಬರಲಿಲ್ಲ. ಮಧ್ಯೆ ಒಂದು ಕಾಗೆ ಕೂಗಿತು, ಅದು ಕಾಗೆ ಎನ್ನುವಷ್ಟು ಅವನಿಗೂ ಗೊತ್ತಿತ್ತು. ಗಂಟೆ ಕೇಳದ ಜನ ಮನೆಯಲ್ಲೇ ಉಳಿದರು. ಅಯ್ಯನವರು ಖಾಲಿ ಬೆಂಚುಗಳಿಗೆ ಆಶೀರ್ವಾದ ಹೇಳಿ ಇಳಿದು ಬಂದರು.

“ಗಂಟಿ ಬಾರಿಸು ಅಂತ ದೇವರು ಇಳದು ಬಂದು ಹೇಳಬೇಕೇನೋ ಹುಚ್ಚಪ್ಯಾಲಿ?” ಎಂದಳು ಎಸ್ತೇರವ್ವ. “ದೇವರು ಹಿರಿಯರ ಬಾಯಿಂದ ಹೇಳಸ್ತಾನ. ಹಿರಿಯರ ಮಾತ ಕೇಳು.”

“ಆತು ಯವ್ವಾ.”

ಮುಂದಿನ ಭಾನುವಾರ ಅಯ್ಯನವರು ಹೇಳಿದ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿದ. ಜನ ಬಂದರು, ಹಾಡಿದರು, ಕುಳಿತರು. ಅಯ್ಯನವರ ಪ್ರಸಂಗ, ಅಂದರೆ ಉಪದೇಶ, ಉದ್ದವಾಯಿತು. ಬಾರ್ನಬಪ್ಪ ಕೆಮ್ಮಿನ ನೆಪ ಮಾಡಿ ಎದ್ದು ಬಾಗಿಲಿಗೆ, ಜ್ಞಾನಮಿತ್ರ ಹಗ್ಗದ ಹತ್ತಿರ ನಿಂತಲ್ಲಿಗೆ ಬಂದ, ಬಾಯಿ ತುಂಬ ಆಕಳಿಸಿದ, ಈ ಪ್ರಸಂಗ ಇಲ್ಲಿಗೆ ಮುಗಿದರೆ ಸಾಕಪ್ಪ ಎಂದ. ಹಿರಿಯರು ಹೇಳಿದ ಮೇಲೆ ಮುಗಿಯಿತಲ್ಲ! ಜ್ಞಾನಮಿತ್ರ ಹಗ್ಗ ಜಗ್ಗಿದ. ಮುಕ್ತಾಯದ ಗಂಟೆ ಢಣಢಣ ಬಾರಿಸಿತು. ಜನ ಇದಕ್ಕೇ ಕಾದವರಂತೆ ಎದ್ದು ಚಪ್ಪಲಿ ಹುಡುಕಿಕೊಂಡರು. ಅಯ್ಯನವರ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಇಂಥವನನ್ನು ಇಟ್ಟುಕೊಂಡರೆ ಸಭೆಯ ಮಾನ ಹೋಗುತ್ತದೆ ಎಂದು ಮೊದಲು ಕೂಗಿದವನೂ ಬಾರ್ನಬಪ್ಪನೇ.

ಹಿರಿಯರು ಆಕಳಿಸಿದ್ದೆಲ್ಲ ದೇವರ ಮಾತಲ್ಲ ಎಂದು ಎಸ್ತೇರವ್ವ ಮಗನ ತಲೆಗೆ ಮೊಟಕಿದಳು. “ಮನಸಿಗೆ ಸಮಾಧಾನ ಆದ್ರಷ್ಟ ಮಾಡು. ಅದ ದೇವರ ಚಿತ್ತ.”

“ಆತು ಯವ್ವಾ.”

ಬುಧವಾರ ಸ್ತ್ರೀಯರ ಕೂಟ. ಬೆಳಿಗ್ಗೆ ಚರ್ಚು ಗುಡಿಸಬೇಕು, ಬೆಂಚು ಒರೆಸಬೇಕು. ಕಸಬರಿಗೆ ಹಿಡಿದ, ಮನಸ್ಸಿಗೆ ಸಮಾಧಾನ ಆಗಲಿಲ್ಲ. ಕಸಬರಿಗೆ ಇಟ್ಟ, ಸ್ವಲ್ಪ ಆಯಿತು. ಬೇವಿನ ಮರದ ಕೆಳಗೆ ಕಾಲು ಚಾಚಿ ಮಲಗಿದ, ಪೂರ್ತಿ ಆಯಿತು. ಸಂಜೆ ಹೆಂಗಸರು ಬಿಳಿ ಸೀರೆಯುಟ್ಟು ಬಂದರು, ಬೆಂಚಿನ ಮೇಲೆ ಕುಳಿತರು, ಪ್ರಾರ್ಥನೆ ಮುಗಿಸಿ ಎದ್ದರು. ಚರ್ಚಿನ ಮಾಳಿಗೆಯಲ್ಲಿ ಬಾವಲಿಗಳಿದ್ದವು. ಅವು ವಾರವಿಡೀ ಮಾಡಿದ್ದೆಲ್ಲ ಸೀರೆಗಳಿಗೆ ಹತ್ತಿತ್ತು.

ಅಂದು ಎಸ್ತೇರವ್ವ ಬೈಯಲಿಲ್ಲ, ಅತ್ತಳು. ಗಂಡ ಹೋದ, ಮನೆಯೂ ಹೋಗುತ್ತದೆ, ಈ ಮಗನನ್ನು ಕಟ್ಟಿಕೊಂಡು ಯಾರ ಕಟ್ಟೆಯ ಮೇಲೆ ಕೂರಲಿ ಎಂದು ಅಯ್ಯನವರ ಹತ್ತಿರ ಹೋಗಿ ಅತ್ತಳು. ಅಯ್ಯನವರು ಮಗನನ್ನು ಕರೆಸಿ ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದರು. “ನೋಡು ಜ್ಞಾನಮಿತ್ರ, ದೇವರು ತೆರೆದ ಬಾಗಿಲಲ್ಲಿ ಹೋಗು. ಮುಚ್ಚಿದ ಬಾಗಿಲು ಮುಟ್ಟಬೇಡ.”

“ಆತ್ರೀ ಅಯ್ಯನವರ.”

ಸುಗ್ಗಿ ಹಬ್ಬ ಬಂತು. ಹೊಲದ ಮೊದಲ ಬೆಳೆಯನ್ನು ದೇವರಿಗೆ ಒಪ್ಪಿಸುವ ದಿನ. ಕುಂಬಳಕಾಯಿ ಹೊತ್ತವರು, ಜೋಳದ ತೆನೆ ಹೊತ್ತವರು, ಕಾಲು ಕಟ್ಟಿದ ಕೋಳಿ ಹಿಡಿದವರು, ಅವರ ಮುಂದೆ ನಿಲುವಂಗಿ ತೊಟ್ಟ ಬಿಷಪ್ಪರು, ಎಲ್ಲರೂ ಚರ್ಚಿನ ಎದುರು ಬಿಸಿಲಲ್ಲಿ ನಿಂತಿದ್ದಾರೆ. ಬಾಗಿಲಿಗೆ ಬೀಗ. ಬಾಗಿಲ ಪಕ್ಕದಲ್ಲಿ ಜ್ಞಾನಮಿತ್ರ, ಕೈಕಟ್ಟಿ.

ಬೀಗದ ಕೈ ಎಲ್ಲಿ ಎಂದು ಅಯ್ಯನವರು ಕೇಳಿದರು. ನನ್ನ ಉಡದಾರದಲ್ಲಿದೆ ಎಂದ. ಹಾಗಾದರೆ ತೆಗಿ ಎಂದರು.

“ಮುಚ್ಚಿದ ಬಾಗಲಾ ಮುಟ್ಟಬ್ಯಾಡ ಅಂತ ನೀವ ಹೇಳೀರಲ್ರಿ. ದೇವರು ಮುಚ್ಯಾನ.”

ಮುಚ್ಚಿದ್ದು ಯಾರೆಂದು ಬಿಷಪ್ಪರು ಕೇಳಿದರು.

“ನಿನ್ನೆ ಸಂಜಿಕ ನಾನ ಮುಚ್ಚೀನ್ರೀ.”

ಜನ ನಕ್ಕರು, ಕೋಳಿ ಕಿರುಚಿತು. ಬಾರ್ನಬಪ್ಪ ಇದೇ ಹೊತ್ತು ಎಂದುಕೊಂಡು ಅಳಿಯನ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ತಳ್ಳಿದ. ಎಸ್ತೇರವ್ವ ನೋಡಿದಳು. ಅವಳು ದೇವರನ್ನು ಕೇಳಲಿಲ್ಲ, ಹಿರಿಯರನ್ನು ಕೇಳಲಿಲ್ಲ, ಸಮಾಧಾನಕ್ಕಂತೂ ಕಾಯಲೇ ಇಲ್ಲ. ಮಗನ ಉಡದಾರಕ್ಕೇ ಕೈ ಹಾಕಿ ಬೀಗದ ಕೈ ಕಿತ್ತಳು, ಬಾಗಿಲು ತೆಗೆದಳು, ಸೆರಗು ಸಿಕ್ಕಿಸಿ ಹಗ್ಗ ಜಗ್ಗಿದಳು. ಗಂಟೆಯ ಸದ್ದು ಊರ ಕೆರೆಯ ದಂಡೆಯವರೆಗೆ ಹೋಯಿತು. ಗಂಡ ಹಾಸಿಗೆ ಹಿಡಿದ ಎರಡು ವರ್ಷ ಗಂಟೆ ಬಾರಿಸಿದ್ದು ಅವಳೇ. ಅದು ಕಾಂಪೌಂಡಿಗೆಲ್ಲ ಗೊತ್ತಿತ್ತು, ಹೇಳುವ ಬಾಯಿ ಮಾತ್ರ ಒಂದೂ ಇರಲಿಲ್ಲ.

ಗಂಟೆ ಇನ್ನು ಈಕೆಯೇ ಬಾರಿಸಲಿ, ಮನೆ ಈಕೆಗೇ ಇರಲಿ ಎಂದರು ಬಿಷಪ್ಪರು. ಇದು ದೇವರ ಚಿತ್ತ ಎಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ಬಾರ್ನಬಪ್ಪ. ನಾಚಿಕೆ ಎಂಬುದು ಅವನ ಬೀದಿಗೂ ಬಂದಿರಲಿಲ್ಲ.

ಆರಾಧನೆ ಮುಗಿಯಿತು. ನೀನು ಮನೆಗೆ ನಡಿ, ನಾನು ಗುಡಿಸಿ ಬರುತ್ತೇನೆ ಎಂದಳು ತಾಯಿ. ಜ್ಞಾನಮಿತ್ರ ಹೋದ. ಮನೆಯ ಬಾಗಿಲು ಮುಚ್ಚಿತ್ತು, ಮುಟ್ಟಲಿಲ್ಲ. ಎದುರಿಗೆ ಬಾರ್ನಬಪ್ಪನ ಮನೆಯ ಬಾಗಿಲು ತೆರೆದಿತ್ತು, ಒಳಗೆ ಹೋಗಿ ಕುಳಿತ.

ಮೊದಲೇ ಉರಿಯುತ್ತಿದ್ದ ಬಾರ್ನಬಪ್ಪ ಬೀದಿ ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದ. “ನೋಡೋ, ದೇವರು ನಿನಗ ಬಾಗಲಾ ತೆಗದಾನ. ನಡಿ ಹೊರಗ.” ಅದೇ ಹೊತ್ತಿಗೆ ಅವನ ಹೆಂಡತಿ ಅಡುಗೆಮನೆಯ ಬಾಗಿಲು ತೆರೆದಳು. ಒಳಗಿನಿಂದ ಹಬ್ಬದ ಕೋಳಿ ಸಾರಿನ ವಾಸನೆ ಬಂತು.

ಎರಡು ಬಾಗಿಲು. ಎರಡೂ ತೆರೆದಿವೆ. ಜ್ಞಾನಮಿತ್ರ ಆ ಕಡೆ ನೋಡಿದ, ಈ ಕಡೆ ನೋಡಿದ, ಹುಟ್ಟಿದಂದಿನಿಂದ ಮೊದಲ ಸಲ ಯೋಚನೆ ಮಾಡಿದ.

“ದೇವರು ಈ ಕಡೆ ಕರದಾನ್ರೀ, ಹಿರಿಯಾರ” ಎಂದ.

ಬಾರ್ನಬಪ್ಪ ಹಿಡಿದಿದ್ದ ಬಾಗಿಲನ್ನು ಬಿಟ್ಟ. ಮೂವತ್ತು ವರ್ಷದಿಂದ ಅವನೂ ದೇವರ ದಾರಿಯನ್ನು ಹೀಗೆಯೇ ಆರಿಸಿಕೊಂಡು ಬಂದಿದ್ದ. ಜ್ಞಾನಮಿತ್ರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ, ತಟ್ಟೆ ಕೇಳಿದ.