ಹಸಿರು ಹರಳಿನ ಅಂಚು

ಬೆಂಕಿ ಉಗುಳಿ ತಣ್ಣಗಾದ ಒಂದು ಬೆಟ್ಟ. ಅದರ ಬುಡದಲ್ಲಿ ಹೊಳೆ, ಹೊಳೆಯ ಪಕ್ಕ ಕರಿಬಸಯ್ಯ ಗುರುಗಳ ಆಶ್ರಮ. ಅಲ್ಲಿ ಓದೋಕೆ ಓಲೆಗರಿ ಇರಲಿಲ್ಲ. ಬೆಟ್ಟ ಉಗುಳಿದ ಕಲ್ಲುಗಳೇ ಪಾಠ.

"ಬೆಟ್ಟದ ಹೊಟ್ಟೆಗೆ ಇಳಿದು ನೋಡಿ ಬಂದವರು ಯಾರೂ ಇಲ್ಲ," ಅನ್ನುತ್ತಿದ್ದರು ಗುರುಗಳು. "ಹೊರಗೆ ಬಿದ್ದದ್ದನ್ನು ಕೇಳಿ. ಒಳಗಿನ ಸುದ್ದಿ ಅದೇ ಹೇಳುತ್ತೆ."

ಅಲ್ಲೊಂದು ಕಟ್ಟಳೆಯಿತ್ತು. ಕಲ್ಲನ್ನು ಇದ್ದ ಜಾಗದಿಂದ ಎತ್ತುವ ಮುಂಚೆ, ಆಕಾಶ ನೋಡುತ್ತಿದ್ದ ಮೈಗೆ ಸುಣ್ಣದ ಬೊಟ್ಟು ಇಡಬೇಕು. ಮೇಲು ಯಾವುದು, ಕೆಳಗು ಯಾವುದು ಅಂತ ತಿಳಿಯದಿದ್ದರೆ ಅರ್ಧ ಪಾಠ ಹೋದ ಹಾಗೇ.

ಯುಗಾದಿ ಹತ್ತಿರ ಬಂತು. ಶಿಷ್ಯ ಮುರಿಗೆಪ್ಪ ಆಶ್ರಮ ತೊಳೆಯಲು ನಿಂತ. ಪಾಪ, ಹುರುಪು ಜಾಸ್ತಿ. ಜೊತೆಗಾರ ಮಹಾಂತ ವರ್ಷಗಟ್ಟಲೆ ಕೂಡಿಟ್ಟಿದ್ದ ಕಲ್ಲುಗಳನ್ನೂ ತೆಂಗಿನ ನಾರಿನಿಂದ ಉಜ್ಜಿ ಫಳಫಳ ಮಾಡಿಟ್ಟ. ಬೊಟ್ಟೆಲ್ಲ ಹೊಳೆಪಾಲು.

ಮಹಾಂತ ಬಂದು ನೋಡಿದ. ಉರಿದುಬಿದ್ದ.

"ನೀನು ಕೂಳಿಗೆ ದಂಡ, ಭೂಮಿಗೆ ಭಾರ! ಗುರುಗಳು ನಿನ್ನಲ್ಲಿ ಅದೇನು ಕಂಡರೋ!"

ಮುರಿಗೆಪ್ಪ ಕಲ್ಲುಗಳನ್ನು ಬುಟ್ಟಿಗೆ ತುಂಬಿಕೊಂಡು ಹೊಳೆ ಕಡೆ ಹೋದ.

ಮಧ್ಯಾಹ್ನದ ಹೊತ್ತಿಗೆ ಆ ಮಾತು ಮಹಾಂತನನ್ನೇ ಚುಚ್ಚತೊಡಗಿತು. ಬಟ್ಟೆಬರೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ಹೊರಟೆ, ಗುರುಗಳೇ. ಇಂಥ ವಿಷ ಒಳಗಿಟ್ಟುಕೊಂಡವನು ಇಲ್ಲಿರೋಕೆ ಯೋಗ್ಯನಲ್ಲ."

"ಹೋಗುವಿಯಂತೆ. ಮೊದಲು ಇದನ್ನು ಒಡಿ."

ಗುರುಗಳು ಒಂದು ಕಲ್ಲನ್ನೂ ಸುತ್ತಿಗೆಯನ್ನೂ ಮುಂದೆ ತಳ್ಳಿದರು. ಮಹಾಂತ ಒಡೆದ.

"ಏನು ಕಾಣುತ್ತೆ?"

"ಕರಿ ಕಲ್ಲು, ನುಣ್ಣಗಿದೆ. ನಡುವೆ ದಪ್ಪ ಹಸಿರು ಹರಳು."

"ಕಲ್ಲು ಯಾಕೆ ನುಣ್ಣಗಿದೆ?"

"ಹೊರಗೆ ಬಿದ್ದ ಕೂಡಲೇ ಆರಿತು. ಹರಳು ಬೆಳೆಯೋಕೆ ಪುರುಸೊತ್ತು ಸಿಗಲಿಲ್ಲ."

"ಮತ್ತೆ ಈ ಹರಳು?"

"ಅದು ಒಳಗೇ ಬೆಳೆದದ್ದು. ಕಲ್ಲುಸಕ್ಕರೆ ಕಟ್ಟುತ್ತಲ್ಲ, ಹಾಗೆ ನಿಧಾನಕ್ಕೆ."

"ಅಂಚು ನೋಡು."

ಮಹಾಂತ ಭೂತಗನ್ನಡಿ ಹಿಡಿದ. "ತೆಳ್ಳಗೆ ಬೇರೆ ಬಣ್ಣ ಇದೆ. ಆಳದಿಂದ ಹೊಸ ಕಾವು ನುಗ್ಗಿದಾಗ ಕಟ್ಟಿದ್ದು. ಅದಾದ ಮೇಲೇ ಬೆಟ್ಟ ಉಕ್ಕಿದ್ದು."

"ಸರಿ. ಈಗ ಬೆಳಿಗ್ಗೆ ನೀನು ಉಗುಳಿದ ಮಾತನ್ನು ಒಡಿ. ಅದರ ಅಂಚು ಯಾವುದು?"

"ಬೊಟ್ಟು ಅಳಿಸಿದ್ದು. ಕೊನೆಗೆ ನುಗ್ಗಿದ ಕಾವು ಅದೇ."

"ಒಳಗಿನ ಹರಳು?"

ಮಹಾಂತ ಭೂತಗನ್ನಡಿ ಕೆಳಗಿಟ್ಟ. ಕಣ್ಣು ತುಂಬಿತು.

"ಹೋದ ವರ್ಷ ನೀವು ಬೆಟ್ಟದ ಬಾಯಿ ತೋರಿಸೋಕೆ ಮುರಿಗೆಪ್ಪನೊಬ್ಬನನ್ನೇ ಕರೆದುಕೊಂಡು ಹೋದಿರಿ. ನನ್ನನ್ನು ಕರೆಯಲಿಲ್ಲ. ಅವತ್ತಿನಿಂದ ಹೊಟ್ಟೆಕಿಚ್ಚು, ಗುರುಗಳೇ."

"ಅಯ್ಯೋ ಹುಚ್ಚಪ್ಪ! ಅವತ್ತು ನಿನಗೆ ಮೈ ಸುಡುವ ಜ್ವರ ಇತ್ತಲ್ಲೋ!"

ಮಹಾಂತನಿಗೆ ಅಳುತ್ತಲೇ ನಗು ಬಂತು. ಎದೆ ಹಗುರಾಯಿತು. ಅಷ್ಟು ದಿನ ಹೊತ್ತದ್ದು ಇಷ್ಟೇನಾ!

ಅಷ್ಟರಲ್ಲಿ ಮುರಿಗೆಪ್ಪ ಬುಟ್ಟಿ ಹೊತ್ತು ಬಂದ. ಕೈಯೆಲ್ಲ ಸುಣ್ಣ.

"ಕಲ್ಲು ಇನ್ನೂ ಕರಗಿದ್ದಾಗ ಗುಳ್ಳೆಗಳು ಮೇಲಕ್ಕೇ ಏರುತ್ತವಲ್ಲ, ಮಹಾಂತ? ತೂತು ಎಲ್ಲಿ ಜಾಸ್ತಿಯೋ ಅಲ್ಲಿ ಬೊಟ್ಟು ಇಟ್ಟಿದ್ದೀನಿ. ಕೆಲವು ಮಾತ್ರ ಗೊತ್ತಾಗಲಿಲ್ಲ. ತಪ್ಪಾಯ್ತು ಕಣೋ."

"ತಪ್ಪು ನಂದು," ಅಂತ ಮಹಾಂತ ಅವನನ್ನು ತಬ್ಬಿಕೊಂಡ.

"ನಿನ್ನ ಮಾತಿಗೆ ನೋವಾಗಿದ್ದು ನಿಜ," ಅಂದ ಮುರಿಗೆಪ್ಪ. "ಆದರೆ ಆ ಗಂಟು ಬಿಚ್ಚು ಮಾರಾಯ. ಇಷ್ಟು ಕಲ್ಲು ನಾನೊಬ್ಬನೇ ಹೊರೋಕಾಗಲ್ಲ."

ಮಹಾಂತ ಗಂಟು ಬಿಚ್ಚಿದ. ಬಿಚ್ಚುವಾಗ ಮತ್ತೆ ಅಳುಕಿದ.

"ಗುರುಗಳೇ, ಈ ಸಿಟ್ಟು ಇನ್ನೊಂದು ಸಲ ಉಕ್ಕಿದರೆ?"

ಗುರುಗಳು ಒಡೆದ ಕಲ್ಲನ್ನು ಅವನ ಕೈಗೆ ಕೊಟ್ಟರು.

"ಬೆಟ್ಟಕ್ಕೆ ತನ್ನ ಕಲ್ಲು ತಾನೇ ಒಡೆದು ನೋಡೋಕೆ ಬರಲ್ಲ, ಮಗ. ನಿನಗೆ ಬರುತ್ತೆ."